ಬಿದ್ದ ಸವಾರನಿಗೆ ಇನ್ನೊಂದು ಗುದ್ದು

ಬೈಕ್ ಅಪಘಾತವಾಗಿದೆ ಎಂಬ ಸುದ್ದಿ ಬಂದ ಕೂಡಲೇ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ ‘ಹೆಲ್ಮೆಟ್ ಹಾಕಿದ್ದನಾ?’ ಎರಡನೆಯದು ‘ಎಷ್ಟು ಸ್ಪೀಡಲ್ಲಿದ್ದ?’ ಎದುರು ಬಂದ ವಾಹನ ಯಾವುದು, ಅದು ರಸ್ತೆಯ ಯಾವ ಬದಿಯಲ್ಲಿತ್ತು, ಬೀದಿದೀಪ ಉರಿಯುತ್ತಿತ್ತೇ, ಹಂಪಿನ ಮೇಲೆ ಬಿಳಿ ಪಟ್ಟೆ ಇತ್ತೇ ಎಂದು ಕೇಳುವವರು ಅಪರೂಪ. ಮೊದಲ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ತೀರ್ಪೂ ಸಿಕ್ಕ ಹಾಗೆ. ಬೈಕಿನವರು ಇರುವುದೇ ಹೀಗೆ, ಅವರಾಗಿ ತಂದುಕೊಂಡದ್ದು, ಇನ್ನು ಪರಿಹಾರ ಬೇರೆ ಕೇಳುತ್ತಾರೆ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಇದು ಹೋಟೆಲ್ ಕಟ್ಟೆಯ ಹರಟೆಯಾಗಿ ಉಳಿದಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಇದೇ ನಂಬಿಕೆ ಠಾಣೆಯ ದೂರಿನಲ್ಲಿ, ಆಸ್ಪತ್ರೆಯ ಕೇಸ್ ಶೀಟಿನಲ್ಲಿ, ವಿಮಾ ಕಂಪನಿಯ ತಕರಾರಿನಲ್ಲಿ, ಒಮ್ಮೊಮ್ಮೆ ಅಪಘಾತ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಯ ಆದೇಶದಲ್ಲೂ ಬಂದು ಕೂರುತ್ತದೆ. ಕಾಲು ಕಳೆದುಕೊಂಡವನ ಕೈಗೆ ಸೇರಬೇಕಾದ ಹಣವನ್ನು ಒಂದೊಂದು ಹಂತದಲ್ಲೂ ಕತ್ತರಿಸುತ್ತ ಹೋಗುತ್ತದೆ. ಸವಾರ ಒಂದು ನಿಯಮ ಮುರಿದ ಎಂಬುದು ಬೇರೆ, ಅಪಘಾತಕ್ಕೆ ಅವನೇ ಕಾರಣ ಎಂಬುದು ಬೇರೆ. ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಸಾವಿರಾರು ಮನೆಗಳಿಗೆ ಅನ್ಯಾಯವಾಗುತ್ತಿದೆ ಎಂಬುದು ನನ್ನ ವಾದ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಕರ್ನಾಟಕದಲ್ಲಿ ಆ ವರ್ಷ 11,702 ಮಂದಿ ಸತ್ತರು. ಈ ಅಂಕಿಗಳನ್ನು ಮುಂದಿಟ್ಟು ‘ನೋಡಿ, ಬೈಕಿನವರೇ ಹೆಚ್ಚು ಸಾಯುತ್ತಾರೆ, ಹಾಗಾಗಿ ಅವರೇ ಹೆಚ್ಚು ತಪ್ಪು ಮಾಡುತ್ತಾರೆ’ ಎನ್ನುವವರಿದ್ದಾರೆ. ಈ ತರ್ಕ ನಿಲ್ಲುವುದಿಲ್ಲ. ಅದೇ ವರದಿಯಲ್ಲಿ ಶೇ 20ರಷ್ಟು ಸಾವು ಪಾದಚಾರಿಗಳದ್ದು. ನಡೆದುಹೋಗುವವರು ವೇಗ ಮಾಡಿ ಸತ್ತರು ಎಂದು ಯಾರೂ ಹೇಳುವುದಿಲ್ಲ. ಬೈಕಿನಲ್ಲಿ ಕೂತವನ ಸುತ್ತ ತಗಡಿಲ್ಲ, ಸೀಟ್ ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಕಾರಿನವನಿಗೆ ಬಂಪರ್ ನಜ್ಜಾಗುವಷ್ಟು ತಾಗಿದರೆ ಅದೇ ಗುದ್ದು ಸವಾರನ ಮೊಣಕಾಲ ಚಿಪ್ಪನ್ನು ಒಡೆಯುತ್ತದೆ. ಯಾರಿಗೆ ಹೆಚ್ಚು ಪೆಟ್ಟಾಯಿತು ಎಂಬುದು ದೇಹ ಎಷ್ಟು ಬಯಲಾಗಿತ್ತು ಎಂಬುದನ್ನಷ್ಟೇ ತಿಳಿಸುತ್ತದೆ. ತಪ್ಪು ಯಾರದೆಂದು ತಿಳಿಯಲು ಬೇರೆಯದೇ ತನಿಖೆ ಬೇಕು. ನಮ್ಮಲ್ಲಿ ಹೆಚ್ಚಿನ ಕಡೆ ಕೊರತೆಯಿರುವುದು ಆ ತನಿಖೆಗೇ.

ವೇಗದ ಅಂಕಿಯ ಕಥೆಯೂ ಹೀಗೆಯೇ. 2022ರ ಸಾವುಗಳಲ್ಲಿ ಶೇ 71ಕ್ಕೆ ಅತಿವೇಗವೇ ಕಾರಣ ಎಂದು ಅದೇ ವರದಿ ಹೇಳುತ್ತದೆ. ಓದಿದವರು ಸತ್ತವನೇ ವೇಗವಾಗಿದ್ದ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ವರದಿ ಎಣಿಸುವುದು ಅಪಘಾತಗಳನ್ನು. ಅತಿವೇಗವಾಗಿದ್ದದ್ದು ಟಿಪ್ಪರೋ, ಅದರ ಚಕ್ರದಡಿ ಸಿಕ್ಕ ಸ್ಕೂಟರೋ ಎಂಬುದು ಆ ಶೇಕಡಾದಲ್ಲಿ ಕಾಣುವುದಿಲ್ಲ. ವೇಗವನ್ನು ಯಾವ ಯಂತ್ರವೂ ಅಳೆದಿರುವುದಿಲ್ಲ. ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬುದು ಎಫ್‌ಐಆರ್‌ನಲ್ಲಿ ದಶಕಗಳಿಂದ ಬರೆದುಕೊಂಡು ಬಂದ ಸಾಲು, ಹಿಂದಿನ ಭಾರತೀಯ ದಂಡ ಸಂಹಿತೆಯ 279ನೇ ಕಲಮಿಗೆ ಹೊಂದಿಸಲು ಬೇಕಾದ ಸಾಲು. ತಿರುವಿನ ಇಳಿಜಾರು ಎಷ್ಟಿತ್ತು, ಡಿವೈಡರ್ ಎಲ್ಲಿ ತುಂಡಾಗಿತ್ತು ಎಂದು ಬರೆಯಲು ಅಳತೆ ಬೇಕು, ಎಂಜಿನಿಯರ್ ಬೇಕು. ‘ಅತಿವೇಗ’ ಎಂದು ಬರೆಯಲು ಪೆನ್ನು ಸಾಕು. ಹೀಗೆ ಹುಟ್ಟಿದ ಅಂಕಿಯನ್ನು ಸವಾರರ ಸ್ವಭಾವಕ್ಕೆ ಪುರಾವೆಯಾಗಿ ಎತ್ತಿ ಹಿಡಿಯುವುದು ಸರಿಯಲ್ಲ.

ಹೆಲ್ಮೆಟ್ಟಿನ ವಿಷಯದಲ್ಲಿ ನಾನು ಒಂದಿಷ್ಟೂ ರಾಜಿಯಾಗುವುದಿಲ್ಲ. ಅದು ಸಾವಿನ ಸಂಭವವನ್ನು ಶೇ 42ರಷ್ಟು, ತಲೆಪೆಟ್ಟಿನ ಸಂಭವವನ್ನು ಶೇ 69ರಷ್ಟು ತಗ್ಗಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2008ರ ಕೊಕ್ರೇನ್ ಪರಿಶೀಲನೆ ತೋರಿಸಿದೆ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು ಐವತ್ತು ಸಾವಿರ, ಅವರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಹಿಂಬದಿ ಸವಾರರು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯವಿದ್ದರೂ ಅರ್ಧ ತಲೆ ಮುಚ್ಚುವ ಪ್ಲಾಸ್ಟಿಕ್ ಟೊಪ್ಪಿಗೆಗಳು ರಸ್ತೆ ತುಂಬ ಓಡಾಡುತ್ತಿವೆ. ದಂಡ ಹಾಕಲಿ, ಲೈಸೆನ್ಸ್ ಅಮಾನತು ಮಾಡಲಿ, ಕಾನೂನಿನಲ್ಲಿ ಅದಕ್ಕೆ ದಾರಿಯಿದೆ. ಬೈಕ್ ಮಾರುವಾಗಲೇ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮ ತಯಾರಕರಿಗೆ ವಿಧಿಸಿರುವುದನ್ನೂ ಅಷ್ಟೇ ಗಟ್ಟಿಯಾಗಿ ಜಾರಿ ಮಾಡಲಿ. ಆದರೆ ಹೆಲ್ಮೆಟ್ ತಲೆಯನ್ನು ಕಾಯುತ್ತದೆಯೇ ಹೊರತು ಒನ್‌ವೇಯಲ್ಲಿ ಎದುರು ಬಂದ ಕ್ಯಾಂಟರನ್ನು ತಡೆಯುವುದಿಲ್ಲ. ತೊಡೆಮೂಳೆ ಮುರಿದವನಿಗೆ ‘ಹೆಲ್ಮೆಟ್ ಇರಲಿಲ್ಲವಲ್ಲ’ ಎಂದು ಪರಿಹಾರ ಕಡಿತ ಮಾಡುವುದಕ್ಕೆ ವೈದ್ಯಶಾಸ್ತ್ರದಲ್ಲಾಗಲಿ ನ್ಯಾಯದಲ್ಲಾಗಲಿ ಆಧಾರವಿಲ್ಲ. ನಿಯಮ ಮುರಿದದ್ದಕ್ಕೆ ಇರುವ ಶಿಕ್ಷೆ ಐನೂರೋ ಸಾವಿರವೋ ರೂಪಾಯಿ ದಂಡ, ಲೈಸೆನ್ಸಿನ ಅಮಾನತು. ಲಕ್ಷಗಟ್ಟಲೆ ಪರಿಹಾರವನ್ನು ಕಿತ್ತುಕೊಂಡರೆ ಅದು ಯಾವ ಶಾಸನವೂ ಬರೆಯದ ಎರಡನೇ ಶಿಕ್ಷೆಯಾಗುತ್ತದೆ. ಅದರ ಲಾಭ ಹೋಗುವುದು ಗುದ್ದಿದವನ ವಿಮಾ ಕಂಪನಿಗೆ.

ಈ ವ್ಯತ್ಯಾಸ ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಲೈಸೆನ್ಸ್ ಇಲ್ಲದೆ ಓಡಿಸಿದ ಮಾತ್ರಕ್ಕೆ ಅಪಘಾತದಲ್ಲಿ ಸವಾರನದೂ ಪಾಲಿದೆ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿತು. 2020ರ ಜನವರಿಯ ತೀರ್ಪು ಇನ್ನೂ ನೇರವಾಗಿದೆ. ದೆಹಲಿಯಲ್ಲಿ ಒಂದೇ ಬೈಕಿನಲ್ಲಿ ಮೂವರು ಹೋಗುತ್ತಿದ್ದಾಗ ಹಿಂದಿನಿಂದ ಕಾರು ಗುದ್ದಿ, ಹಿಂಬದಿ ಕೂತಿದ್ದ ಯುವಕ ಸತ್ತಿದ್ದ. ಮೂವರು ಕೂತದ್ದೇ ತಪ್ಪು ಎಂದು ಹೈಕೋರ್ಟ್ ಪರಿಹಾರದಲ್ಲಿ ಕಡಿತ ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮೂವರು ಕೂತದ್ದು ಕಾನೂನಿನ ಉಲ್ಲಂಘನೆ ಹೌದು, ಆದರೆ ಆ ಕಾರಣದಿಂದಲೇ ಅಪಘಾತವಾಯಿತು ಅಥವಾ ಅದರಿಂದಲೇ ಪೆಟ್ಟು ಹೆಚ್ಚಾಯಿತು ಎಂದು ತೋರಿಸದ ಹೊರತು ಸತ್ತವನ ಮೇಲೆ ಪಾಲು ಹೊರಿಸುವಂತಿಲ್ಲ ಎಂದಿತು. ಹೆಲ್ಮೆಟ್ ಇಲ್ಲ ಎಂಬುದೊಂದೇ ನ್ಯಾಯಯುತ ಪರಿಹಾರ ತಗ್ಗಿಸಲು ಕಾರಣವಾಗದು ಎಂಬ ನಿಲುವನ್ನು ಕರ್ನಾಟಕ ಹೈಕೋರ್ಟ್ ಕೂಡ ತಳೆದಿದೆ. ಪ್ರಾಮಾಣಿಕವಾಗಿ ಒಪ್ಪಬೇಕಾದ ಮಾತೊಂದು ಇಲ್ಲಿದೆ: ತಲೆಗೇ ಪೆಟ್ಟಾಗಿದ್ದು, ಹೆಲ್ಮೆಟ್ ಇದ್ದಿದ್ದರೆ ಅದು ತಗ್ಗುತ್ತಿತ್ತು ಎಂದು ವೈದ್ಯರ ಸಾಕ್ಷ್ಯದಿಂದ ಸಾಬೀತಾದರೆ ಪ್ರಶ್ನೆ ಉಳಿದುಕೊಳ್ಳುತ್ತದೆ. ಆದರೆ ಸಾಬೀತು ಮಾಡುವ ಹೊಣೆ ಹಾಗೆ ಹೇಳುವ ವಿಮಾ ಕಂಪನಿಯದು. ತಕರಾರಿನಲ್ಲಿ ಒಂದು ಸಾಲು ಬರೆದು ಸವಾರನನ್ನು ಅಪರಾಧಿಯಾಗಿ ನಿಲ್ಲಿಸಿದರೆ ಹೊಣೆ ಮುಗಿಯುವುದಿಲ್ಲ.

ತೀರ್ಪುಗಳು ಇಷ್ಟು ಸ್ಪಷ್ಟವಾಗಿರುವಾಗ ಅನ್ಯಾಯ ಎಲ್ಲಿ ನಡೆಯುತ್ತದೆ ಎಂದು ಕೇಳಬಹುದು. ಅದು ಶುರುವಾಗುವುದು ಕೋರ್ಟಿಗಿಂತ ಬಹಳ ಮೊದಲು, ಕಾಗದಗಳಲ್ಲಿ. ರಾತ್ರಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಸವಾರನನ್ನು ತಂದು ಮಲಗಿಸಿದವರು ದಾರಿಹೋಕರು. ಡಿಕ್ಕಿಯನ್ನು ಅವರು ನೋಡಿರುವುದಿಲ್ಲ, ನೋಡಿದ್ದು ಬಿದ್ದಿದ್ದ ಬೈಕನ್ನು. ಗಾಯಾಳುವಿಗೆ ಪ್ರಜ್ಞೆ ಇಲ್ಲ. ಕರ್ತವ್ಯದಲ್ಲಿದ್ದ ವೈದ್ಯರು ಏನಾಯಿತು ಎಂದು ಕೇಳುತ್ತಾರೆ, ‘ಬೈಕಿನಿಂದ ಬಿದ್ದಿದ್ದ ಸಾರ್’ ಎಂಬ ಉತ್ತರ ಬರುತ್ತದೆ. ಕೇಸ್ ಶೀಟಿನಲ್ಲಿ ‘ಸೆಲ್ಫ್ ಫಾಲ್’ ಎಂಬ ಎರಡು ಪದ ಕೂರುತ್ತವೆ. ವೈದ್ಯರ ಗಮನವೆಲ್ಲ ರಕ್ತ ನಿಲ್ಲಿಸುವುದರ ಕಡೆಗೆ, ಅದು ಸಹಜ. ಮನೆಯವರು ಆಪರೇಷನ್ನು, ರಕ್ತ, ಸಾಲ ಎಂದು ಅಲೆದು ನಾಲ್ಕನೇ ದಿನ ಠಾಣೆಗೆ ಹೋಗಿ ಕ್ಯಾಂಟರ್ ಗುದ್ದಿದ್ದನ್ನು ಹೇಳುತ್ತಾರೆ. ಅಷ್ಟರಲ್ಲಿ ಬೈಕನ್ನು ಠಾಣೆಯ ಆವರಣಕ್ಕೆ ಎಳೆದು ತಂದಾಗಿದೆ, ಟಯರ್ ಗುರುತು ಅಳಿಸಿಹೋಗಿದೆ. ಸ್ಥಳ ಮಹಜರಿನ ನಕ್ಷೆಯಲ್ಲಿ ಎರಡು ಗೆರೆ, ನಡುವೆ ಒಂದು ಗುಣಾಕಾರದ ಗುರುತು; ರಸ್ತೆಯ ಅಗಲವಿಲ್ಲ, ಕಂಬದಿಂದ ಎಷ್ಟು ದೂರ ಎಂಬುದಿಲ್ಲ, ದೀಪವಿತ್ತೋ ಇಲ್ಲವೋ ಗೊತ್ತಿಲ್ಲ. ಎರಡು ವರ್ಷ ಕಳೆದು ಪಾಟೀ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಆ ಕೇಸ್ ಶೀಟನ್ನೇ ಎತ್ತಿ ಹಿಡಿಯುತ್ತಾರೆ: ಆಸ್ಪತ್ರೆಯಲ್ಲಿ ತಾನಾಗಿ ಬಿದ್ದೆ ಎಂದವನು ನಾಲ್ಕು ದಿನದ ಮೇಲೆ ಕ್ಯಾಂಟರನ್ನು ಸೃಷ್ಟಿಸಿದ್ದಾನೆ. ದೂರು ತಡವಾದದ್ದೊಂದೇ ಪರಿಹಾರ ನಿರಾಕರಿಸಲು ಕಾರಣವಾಗದು, ಮೊದಲು ಜೀವ ಉಳಿಸಿಕೊಳ್ಳುವುದು ಮನುಷ್ಯ ಸಹಜ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆ ಎರಡು ಪದಗಳನ್ನು ಸುಳ್ಳೆಂದು ತೋರಿಸುವ ಭಾರ ಹಾಸಿಗೆಯಲ್ಲಿದ್ದವನ ಮೇಲೇ ಬೀಳುತ್ತದೆ.

ಪರಿಹಾರ ಎಂದರೆ ಲಾಟರಿ ಹೊಡೆದ ಹಾಗೆ ಎಂಬ ಮಾತನ್ನು ಲೆಕ್ಕ ಹಾಕಿಯೇ ನೋಡಬೇಕು. ಟೈಲ್ಸ್ ಹಾಕುವ 28 ವರ್ಷದ ಒಬ್ಬ ಕೆಲಸಗಾರನ ಉದಾಹರಣೆ ಇಟ್ಟುಕೊಳ್ಳೋಣ. ಆದಾಯಕ್ಕೆ ದಾಖಲೆಯಿಲ್ಲ, ನ್ಯಾಯಮಂಡಳಿ ತಿಂಗಳಿಗೆ 12,000 ಎಂದು ಹಿಡಿಯಿತು. 2017ರ ಪ್ರಣಯ್ ಸೇಥಿ ತೀರ್ಪಿನಂತೆ, ನಲವತ್ತು ವರ್ಷದೊಳಗಿನ ಸ್ವಂತ ದುಡಿಮೆಯವನಾದ್ದರಿಂದ ಮುಂದಿನ ಏರಿಕೆಗೆ ಶೇ 40 ಸೇರಿಸಿದರೆ 16,800. ವರ್ಷಕ್ಕೆ 2,01,600. 2009ರ ಸರಳಾ ವರ್ಮ ತೀರ್ಪಿನ ಪಟ್ಟಿಯಂತೆ ಆ ವಯಸ್ಸಿಗೆ ವರ್ಷದ ಆದಾಯವನ್ನು ಗುಣಿಸಬೇಕಾದ ಗುಣಕ 17. ದುಡಿಯುವ ಶಕ್ತಿ ಶೇ 15ರಷ್ಟು ಕುಂದಿದೆ ಎಂದು ತೀರ್ಮಾನವಾದರೆ ಅವನ ಉಳಿದ ಬದುಕಿನ ದುಡಿಮೆಯ ನಷ್ಟಕ್ಕೆ ಸಿಗುವುದು 5,14,080 ರೂಪಾಯಿ. ಚಿಕಿತ್ಸೆಯ ಬಿಲ್ಲು, ನೋವಿನ ಬಾಬ್ತು ಬೇರೆ. ಮೊಣಕಾಲು ಮಡಚಲಾಗದವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಟೈಲ್ಸ್ ಹಾಕಲಾರ. ಅವನ ಮಟ್ಟಿಗೆ ನಷ್ಟ ಶೇ 15ಕ್ಕೆ ನಿಲ್ಲುವುದಿಲ್ಲ, ಕಸುಬೇ ಹೋಯಿತು. ಅಂಗದ ಊನಕ್ಕಿಂತ ಕಸುಬಿನ ಮೇಲಾದ ಪರಿಣಾಮವನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದರೂ, ವಕೀಲರು ಸರಿಯಾಗಿ ವಾದಿಸದಿದ್ದರೆ ಡಾಕ್ಟರ ಸರ್ಟಿಫಿಕೇಟಿನ ಅಂಕಿಯೂ ಇಳಿದೇ ಬರುತ್ತದೆ. ಇದರ ಮೇಲೆ ‘ಸವಾರನದೂ ಶೇ 25 ತಪ್ಪು’ ಎಂದರೆ 1,28,520 ರೂಪಾಯಿ ಹೋಯಿತು. ಬೈಕಿನವರು ಹಾಗೇ ಎಂಬ ಸಾಮಾನ್ಯ ನಂಬಿಕೆಯ ಬೆಲೆ ಈ ಒಂದು ಮನೆಗೆ ಅಷ್ಟು. ಈ ಹಣಕ್ಕಾಗಿ ಯಾರೂ ಕಾಲು ಮುರಿದುಕೊಳ್ಳುವುದಿಲ್ಲ.

ಸುಳ್ಳು ಕೇಸುಗಳಿಲ್ಲವೇ ಎಂಬ ಆಕ್ಷೇಪಕ್ಕೆ ಮುಖ ತಿರುಗಿಸಬಾರದು. ಇವೆ. ಉತ್ತರ ಪ್ರದೇಶದಲ್ಲಿ ನಕಲಿ ಅಪಘಾತ ಕ್ಲೇಮುಗಳ ತನಿಖೆಗೆ ವಿಶೇಷ ತಂಡ ರಚನೆಯಾಗಿ, ವಕೀಲರ ಮೇಲೂ ಆರೋಪ ಬಂದು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ನಮ್ಮಲ್ಲೂ ಗುದ್ದದ ವಾಹನವನ್ನು ಗುದ್ದಿತೆಂದು ತಂದು ನಿಲ್ಲಿಸುವವರಿದ್ದಾರೆ, ಆಸ್ಪತ್ರೆ ಬಾಗಿಲಲ್ಲೇ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ದಲ್ಲಾಳಿಗಳಿದ್ದಾರೆ. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂದು ಫೀಸು ಗೊತ್ತುಮಾಡುವುದು ಬಾರ್ ಕೌನ್ಸಿಲ್ ನಿಯಮಗಳಲ್ಲಿ ನಿಷಿದ್ಧವಾಗಿದ್ದರೂ ಎಂವಿಸಿ ಎಂದು ಕರೆಯುವ ಅಪಘಾತ ಪರಿಹಾರದ ಕೇಸುಗಳಲ್ಲಿ ಅದು ನಡೆದೇ ಇದೆ. ಇದಕ್ಕೆ ಮದ್ದು ತನಿಖೆ, ಮೊಕದ್ದಮೆ, ಸನ್ನದು ರದ್ದು. ನೂರರಲ್ಲಿ ಕೆಲವರು ಮೋಸ ಮಾಡಿದರೆಂದು ಎಲ್ಲರ ಮೇಲೂ ಗುಮಾನಿ ಹೊರಿಸಿದರೆ ಮೋಸಗಾರನಿಗೆ ಏನೂ ಆಗುವುದಿಲ್ಲ, ಅವನ ಕಾಗದಗಳು ಯಾವತ್ತೂ ಅಚ್ಚುಕಟ್ಟು. ಕಾಗದ ಸರಿಯಿಲ್ಲದಿರುವುದು ನಿಜವಾಗಿ ಬಿದ್ದವನದು. ಇನ್ನು ‘ನಮ್ಮ ಪ್ರೀಮಿಯಂ ದುಡ್ಡಲ್ಲಿ ಇವರಿಗೆ ಪರಿಹಾರ’ ಎನ್ನುವವರು ಒಂದನ್ನು ನೆನಪಿಡಬೇಕು. ಥರ್ಡ್ ಪಾರ್ಟಿ ವಿಮೆಯನ್ನು ಕಾನೂನು ಕಡ್ಡಾಯ ಮಾಡಿದ್ದೇ ಗುದ್ದಿಸಿಕೊಂಡವನಿಗೆ ಹಣ ಸಿಗಲಿ ಎಂದು. ಅದು ದಾನವಲ್ಲ. ಬೈಕಿನವರ ವಿರುದ್ಧ ನಿಜಕ್ಕೂ ಹೇಳಬೇಕಾದ ಮಾತಿರುವುದೂ ಇಲ್ಲೇ: 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ವಿಮೆ ಒಟ್ಟಿಗೇ ಬರುತ್ತದೆ, ಅದು ಮುಗಿದ ಮೇಲೆ ನವೀಕರಿಸದೆ ಓಡಿಸುವವರು ಬಹಳ. ಅಂಥವರು ಪಾದಚಾರಿಯೊಬ್ಬರಿಗೆ ಗುದ್ದಿದರೆ ಆ ಮನೆಗೆ ಕೊಡುವವರೇ ಇರುವುದಿಲ್ಲ. ತನಗೆ ಬೇಕಾದ ನ್ಯಾಯವನ್ನು ಇನ್ನೊಬ್ಬನಿಗೆ ತಪ್ಪಿಸುವ ಈ ಸವಾರನನ್ನು ನಾನು ಸಮರ್ಥಿಸುವುದಿಲ್ಲ.

ತಪ್ಪನ್ನೆಲ್ಲ ಸವಾರನ ತಲೆಗೆ ಕಟ್ಟುವುದರಿಂದ ನಿಶ್ಚಿಂತರಾಗುವವರು ರಸ್ತೆ ಮಾಡಿದವರು. ಕಾರಿನ ನಾಲ್ಕು ಚಕ್ರ ದಾಟಿಕೊಂಡು ಹೋಗುವ ಗುಂಡಿ, ಚೆಲ್ಲಿದ ಜಲ್ಲಿ, ಅಗೆದು ಮುಚ್ಚದ ಕೇಬಲ್ ಕಾಲುವೆ ಎರಡು ಚಕ್ರದವನಿಗೆ ಪ್ರಾಣಾಂತಿಕ. 2013ರಿಂದ 2017ರವರೆಗೆ ಗುಂಡಿಗಳಿಂದ 14,926 ಮಂದಿ ಸತ್ತದ್ದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಗಂಭೀರವಾಗಿ ತೆಗೆದುಕೊಂಡಿತು. ಒಳ್ಳೆಯ ರಸ್ತೆ ಬದುಕುವ ಹಕ್ಕಿನ ಭಾಗ, ಗುಂಡಿಯಿಂದ ಗಾಯಗೊಂಡವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಮನ್ನು ಸೇರಿಸಿತು: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯವಾದರೆ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರಕ್ಕೆ ಒಂದು ಲಕ್ಷದವರೆಗೆ ದಂಡ. ಗುಂಡಿಗೆ ಬಿದ್ದು ಹಿಂಬದಿಯ ಹೆಂಡತಿ ಸತ್ತರೆ ಗಂಡನ ಮೇಲೇ ಅಜಾಗರೂಕತೆಯ ಕೇಸು ದಾಖಲಿಸುವ ಠಾಣೆಗಳು ಈ ಕಲಮನ್ನು ಎಷ್ಟು ಸಲ ತೆರೆದು ನೋಡಿವೆ? ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ಬೈಕುಗಳಿಗೆ ಪ್ರವೇಶವಿಲ್ಲ. ವೇಗದ ಅಂತರವೇ ಅಪಾಯ ಎಂಬ ಕಾರಣ ಒಪ್ಪತಕ್ಕದ್ದು. ಆದರೆ ಸರ್ವಿಸ್ ರಸ್ತೆಗೆ ಹೋಗು ಎಂದು ಸವಾರನಿಗೆ ಆಜ್ಞೆ ಮಾಡಿದ ಮೇಲೆ ಆ ರಸ್ತೆಯ ಪ್ರತಿ ತಿರುವಿನ, ಪ್ರತಿ ದೀಪದ ಹೊಣೆಯೂ ಆಜ್ಞೆ ಮಾಡಿದವರದು.

ಹಾಗಾದರೆ ನಿಜವಾಗಿಯೂ ತಾನಾಗಿ ಬಿದ್ದವನು? ಅವನಿಗೆ ಏನೂ ಇಲ್ಲವೇ? ಇಲ್ಲಿ ಕಾನೂನು ಕಠಿಣ. ಬಾಗಲಕೋಟೆ ಜಿಲ್ಲೆಯ ಒಬ್ಬರು ಪರಿಚಿತರ ಬೈಕ್ ಕಡ ತೆಗೆದುಕೊಂಡು ಇಳಕಲ್ಲಿನಿಂದ ಗುಡೂರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಒಮ್ಮೆಲೇ ನಿಂತಿತು, ಅದಕ್ಕೆ ಗುದ್ದಿ ಅವರು ಸತ್ತರು. ಬೈಕ್ ಕಡ ತಂದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಹಾಗಾಗಿ ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುತ್ತಿದ್ದ ಅಂದಿನ 163ಎ ಕಲಮಿನಡಿ ಅದೇ ಬೈಕಿನ ವಿಮೆಯಿಂದ ಮನೆಯವರಿಗೆ ಸಿಗದು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿ, ಬೇರೆ ಕಲಮಿನಡಿ ನೋಡುವಂತೆ ಹೈಕೋರ್ಟಿಗೆ ಮರಳಿಸಿತು. ಹಳ್ಳಿಗಳಲ್ಲಿ ಬೈಕ್ ಕೇಳಿ ತಂದು ಸಂತೆಗೆ, ಆಸ್ಪತ್ರೆಗೆ ಹೋಗುವುದು ನಿತ್ಯದ ಮಾತು. ಹಾಗೆ ಹೋದವನಿಗೆ ಈ ಗುಟ್ಟು ಗೊತ್ತಿರುವುದಿಲ್ಲ. ಮಾಲೀಕನೇ ಓಡಿಸುವಾಗಿನ ಸ್ವಂತ ಅಪಘಾತಕ್ಕೆ 15 ಲಕ್ಷದ ವಿಮೆಯೊಂದಿದೆ, ಅದೂ ಬಹಳ ಮಂದಿಗೆ ತಿಳಿಯದು. ಆದರೆ ಚಿಕಿತ್ಸೆಯ ವಿಷಯದಲ್ಲಿ ಸರ್ಕಾರವೇ ತಪ್ಪಿನ ಪ್ರಶ್ನೆಯನ್ನು ಬದಿಗಿಟ್ಟಿದೆ. 2025ರ ಮೇ ತಿಂಗಳಲ್ಲಿ ಜಾರಿಯಾದ ಯೋಜನೆಯಂತೆ ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡ ಯಾರಿಗೇ ಆದರೂ ಏಳು ದಿನದವರೆಗೆ ಒಂದೂವರೆ ಲಕ್ಷದಷ್ಟು ನಗದುರಹಿತ ಚಿಕಿತ್ಸೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ಎಂಬ ಯೋಜನೆ 2022ರಿಂದ ಇದೆ. 2022ರಲ್ಲಿ ಹೀಗೆ ಸತ್ತವರೇ ಮೂವತ್ತು ಸಾವಿರ, ಅರ್ಜಿ ಹಾಕಿದವರು ಬೆರಳೆಣಿಕೆ ಎಂದು ನೋಡಿದ ಸುಪ್ರೀಂ ಕೋರ್ಟ್, ತಿಂಗಳೊಳಗೆ ವಾಹನ ಸಿಗದಿದ್ದರೆ ಪೊಲೀಸರೇ ಮನೆಯವರಿಗೆ ಈ ಯೋಜನೆಯ ವಿಷಯ ಬರೆದು ತಿಳಿಸಬೇಕೆಂದು 2024ರ ಜನವರಿಯಲ್ಲಿ ಆದೇಶಿಸಿತು.

ಕಾನೂನಿನ ನೆರವನ್ನು ದಂಧೆ ಎಂದು ಜರೆಯುವವರು ನೋಡದೇ ಇರುವ ಕಲಮೊಂದಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 159ನೇ ಕಲಮಿನಂತೆ ಅಪಘಾತದ ವರದಿಯನ್ನು ಮೂರು ತಿಂಗಳೊಳಗೆ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕಾದವರು ಪೊಲೀಸರು. 166ನೇ ಕಲಮಿನಂತೆ ನ್ಯಾಯಮಂಡಳಿ ಆ ವರದಿಯನ್ನೇ ಪರಿಹಾರದ ಅರ್ಜಿ ಎಂದು ಪರಿಗಣಿಸಬೇಕು. 48 ಗಂಟೆಯಲ್ಲಿ ಮೊದಲ ವರದಿ, 90 ದಿನದಲ್ಲಿ ವಿವರ ವರದಿ ಎಂದು 2022ರ ನಿಯಮಗಳು ಗಡುವು ಹಾಕಿವೆ. ಅದನ್ನು ಪಾಲಿಸಲು ರಾಜ್ಯಗಳು ಪ್ರತ್ಯೇಕ ಘಟಕ ಮಾಡಬೇಕೆಂದು ಆ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಾಯಾಳು ಬಂದು ಬೇಡಬೇಕಾಗಿಲ್ಲ, ಅವನಿಗೆ ಸಲ್ಲಬೇಕಾದದ್ದನ್ನು ಸರ್ಕಾರವೇ ಕೋರ್ಟಿನ ಮೇಜಿಗೆ ಮುಟ್ಟಿಸಬೇಕು ಎಂಬುದು ಶಾಸನದ ಭಾವನೆ. ಈ ದಾರಿ ಕೆಲಸ ಮಾಡಿದ್ದರೆ ಆಸ್ಪತ್ರೆ ಬಾಗಿಲಿನ ದಲ್ಲಾಳಿಗೆ ಕಸುಬೇ ಇರುತ್ತಿರಲಿಲ್ಲ. ಅದೇ ತಿದ್ದುಪಡಿ, 1994ರಲ್ಲಿ ಸಂಸತ್ತು ತೆಗೆದುಹಾಕಿದ್ದ ಕಾಲಮಿತಿಯನ್ನು ಮರಳಿ ತಂದು, ಆರು ತಿಂಗಳೊಳಗೆ ಅರ್ಜಿ ಹಾಕದಿದ್ದರೆ ಹಕ್ಕೇ ಇಲ್ಲ ಎಂದಿತು. ತೊಡೆಯಲ್ಲಿ ರಾಡ್ ಕೂಡಿಸಿಕೊಂಡವನು ಎದ್ದು ನಡೆಯುವುದಕ್ಕೇ ಆರು ತಿಂಗಳು ಬೇಕು. ಆ ಕಲಮಿನ ಸಿಂಧುತ್ವ ಈಗ ಸುಪ್ರೀಂ ಕೋರ್ಟಿನ ಮುಂದಿದ್ದು, ಅವಧಿ ಮೀರಿತೆಂದು ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಗಿದೆ. ಮಧ್ಯಂತರ ಆದೇಶವನ್ನು ನಂಬಿ ಯಾರೂ ಕೂರಬಾರದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು, ಕಡಿಮೆ ಆದಾಯದವರಿಗೆ ವಕೀಲರು ಉಚಿತ. 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಗಾಯಾಳುವಿನ ಹಕ್ಕುಗಳೇನು ಎಂದು ಬರೆದ ನಮೂನೆ 2 ಎಂಬ ಕಾಗದವನ್ನು ಅಪಘಾತವಾದ ಹತ್ತು ದಿನದೊಳಗೆ ತನಿಖಾಧಿಕಾರಿಯೇ ಅವನಿಗೋ ಮನೆಯವರಿಗೋ ಕೊಡಬೇಕೆಂದು ಅದೇ 2022ರ ನಿಯಮಗಳಲ್ಲಿದೆ. ಬೈಕಿನವರದೇ ತಪ್ಪು ಎಂದು ಮೊದಲೇ ತೀರ್ಮಾನಿಸಿದ ಠಾಣೆ ಆ ಕಾಗದವನ್ನು ಮುದ್ರಿಸಿಯೂ ಇಟ್ಟಿರುವುದಿಲ್ಲ. ಹನ್ನೊಂದನೇ ದಿನ ಠಾಣೆಗೆ ಹೋಗಿ ಅದನ್ನು ಲಿಖಿತವಾಗಿ ಕೇಳಿ, ಕೇಳಿದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಬೇಕು.